ಹುಲ್ಲಿನ ಹೊರೆ, ಗಾಡಿಯ ಬಾಡಿಗೆ, ಕಾರ್ಖಾನೆಯ ಅಳತೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)

ಈ ಶಾಲೆಯಲ್ಲಿ ಓದಿ, ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಹಳ ವರ್ಷ ಕಬ್ಬು ಸಾಗಣೆಯ ಲೆಕ್ಕ ನೋಡಿದವನು ನಾನು. ಆ ಲೆಕ್ಕದ ಬಗ್ಗೆಯೇ ನಾಲ್ಕು ಮಾತು ಆಡುತ್ತೇನೆ.

ಮೆಕ್ಕೆಜೋಳದ ದಂಟು, ಭತ್ತದ ಹುಲ್ಲುಗಳಿಂದಲೂ ಈಗ ಎಥನಾಲ್ ತೆಗೆಯುತ್ತಾರೆ. ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಇಂಥ ಘಟಕ 2022ರ ಆಗಸ್ಟ್ 10ರಂದು ಲೋಕಾರ್ಪಣೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥನಾಲ್ ಅದರ ಗುರಿ. ನಮ್ಮ ಜಿಲ್ಲೆಯ ಹರಿಹರದಲ್ಲಿ ದಿನಕ್ಕೆ 60 ಸಾವಿರ ಲೀಟರಿನ ಘಟಕಕ್ಕೆ ಎಂಆರ್‌ಪಿಎಲ್ ಯೋಜನೆ ರೂಪಿಸಿತ್ತು. ಪೆಟ್ರೋಲ್ ಸಂಸ್ಕರಣಾಗಾರದಷ್ಟು ದೊಡ್ಡದನ್ನೇ ಏಕೆ ಕಟ್ಟಬಾರದು ಎಂದು ನೀವು ಕೇಳಬಹುದು. ಕಚ್ಚಾ ತೈಲ ಹಡಗಿನಲ್ಲಿ, ಕೊಳವೆಯಲ್ಲಿ ಹರಿದು ಬರುತ್ತದೆ. ಹುಲ್ಲು ಹಾಗಲ್ಲ, ತೂಕ ಏರುವ ಮೊದಲೇ ಗಾಡಿ ತುಂಬಿಹೋಗುತ್ತದೆ. ಪಾಣಿಪತ್ತಿನ 2 ಲಕ್ಷ ಟನ್ನನ್ನು 300 ದಿನಕ್ಕೆ ಹಂಚಿ, ಟ್ರ್ಯಾಕ್ಟರಿಗೆ 3 ಟನ್ ಎಂದು ಹಿಡಿದರೂ ದಿನಕ್ಕೆ 220ಕ್ಕೂ ಹೆಚ್ಚು ಲೋಡು!

ಕಾರ್ಖಾನೆಯ ಸಾಮರ್ಥ್ಯ ಎರಡು ಪಟ್ಟಾದರೆ ಕಟ್ಟುವ ಖರ್ಚು ಸುಮಾರು ಒಂದೂವರೆ ಪಟ್ಟಾಗುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು. ಇದು ದೊಡ್ಡದರ ಲಾಭ. ಇನ್ನು ನಷ್ಟ ನೋಡೋಣ. ಮಕ್ಕಳೇ, ವೃತ್ತದ ವಿಸ್ತೀರ್ಣ ನೆನಪಿದೆಯಲ್ಲ? 10 ಕಿ.ಮೀ. ತ್ರಿಜ್ಯದಲ್ಲಿ 314 ಚದರ ಕಿ.ಮೀ. ಎರಡು ಪಟ್ಟು ಹುಲ್ಲು ಬೇಕಾದರೆ ತ್ರಿಜ್ಯ 14 ಕಿ.ಮೀ.ಗೆ ಹಿಗ್ಗಬೇಕು. ಹುಲ್ಲು ಇಮ್ಮಡಿ, ಸರಾಸರಿ ದೂರ 1.4 ಪಟ್ಟು, ಒಟ್ಟು ಓಡಾಟ 2.8 ಪಟ್ಟು. ಕಟ್ಟಡದಲ್ಲಿ ಉಳಿದ ಹಣವನ್ನು ಒಂದು ಹಂತದ ನಂತರ ಡೀಸೆಲ್ ನುಂಗಿಬಿಡುತ್ತದೆ. ಆ ಹಂತವೇ ಕಾರ್ಖಾನೆಯ ಸರಿಯಾದ ಅಳತೆ. ಅದಕ್ಕಿಂತ ಸ್ವಲ್ಪ ಚಿಕ್ಕದಾದರೆ ಲೀಟರಿನ ಖರ್ಚು ಹೆಚ್ಚೇನೂ ಏರುವುದಿಲ್ಲ, ಅಪಾಯ ಮಾತ್ರ ಕಡಿಮೆ.

ನಮ್ಮ ಸೀಮೆಯಲ್ಲಿ ವೃತ್ತ ತುಂಬಾ ಹೊಲವಿಲ್ಲ. ಅಡಿಕೆ ತೋಟವಿದೆ, ಕಾಡಿದೆ, ಕೆರೆಯಿದೆ. ಇರುವ ಹುಲ್ಲಿನಲ್ಲಿ ಮೊದಲ ಪಾಲು ದನಗಳದ್ದು. ಕಾಲು ಭಾಗ ನೆಲದಿಂದ ಮಾತ್ರ ಹುಲ್ಲು ಸಿಕ್ಕರೆ ತ್ರಿಜ್ಯ ಎರಡು ಪಟ್ಟಾಗಬೇಕು. ಹರಿಹರ ತುಂಗಭದ್ರೆಯ ದಡದಲ್ಲಿ, ಉಬ್ರಾಣಿ ಜಿಲ್ಲೆಯ ತೆಂಕಣ ಅಂಚಿನಲ್ಲಿ. ಇಲ್ಲಿಂದ ಬಿಡಿ ಹುಲ್ಲು ಅಲ್ಲಿಗೆ ಹೋದರೆ ಬಾಡಿಗೆಯೇ ಬೆಲೆಯಾದೀತು. ಹಸಿ ಅಡಿಕೆ ಸಿಪ್ಪೆ ಸಾಗಿಸುವುದೆಂದರೆ ನೀರಿಗೆ ಬಾಡಿಗೆ ಕೊಟ್ಟಂತೆ. ಊರಲ್ಲೇ ಒಣಗಿಸಿ, ಒತ್ತಿ ಬೇಲು ಕಟ್ಟುವ, ಇಟ್ಟಿಗೆಯಂತೆ ಅಚ್ಚು ಹಾಕುವ ಸಣ್ಣ ಘಟಕ ಇದ್ದರೆ ಗಾಡಿ ತೂಕಕ್ಕೆ ತುಂಬುತ್ತದೆ, ಊರಿನ ನಾಲ್ಕು ಕೈಗಳಿಗೆ ಕೆಲಸವೂ ಸಿಗುತ್ತದೆ.

ರೈತ ಬಂಧುಗಳಲ್ಲಿ ಒಂದು ಮನವಿ. ನಾಳೆ ಯಾರಾದರೂ ನಿಮ್ಮ ದಂಟು ಕೊಳ್ಳಲು ಬಂದರೆ ಟನ್ನಿಗೆ ಎಷ್ಟು ಎಂದಷ್ಟೇ ಕೇಳಬೇಡಿ. ಆ ಬೆಲೆ ಹೊಲದಲ್ಲೋ, ಕಾರ್ಖಾನೆಯ ಬಾಗಿಲಲ್ಲೋ? ಕಟಾವು, ಲೋಡು, ಬಾಡಿಗೆ ಯಾರದು? ತೇವಕ್ಕೆ ಎಷ್ಟು ಕಡಿತ? ಇವನ್ನು ಬರಹದಲ್ಲಿ ಪಡೆಯಿರಿ. ದನಕ್ಕೆ, ಮಣ್ಣಿಗೆ ಬೇಕಾದ್ದನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಮಾರಿ.

ಇದಕ್ಕೆಲ್ಲ ಬೇಕಾದ ಗಣಿತ ಈ ಶಾಲೆಯ ಕಪ್ಪು ಹಲಗೆಯ ಮೇಲೆಯೇ ಇದೆ.