ಹಾಡುವ ಅಪ್ಪ, ಕುಣಿಯುವ ಮಗ

ದಾವಣಗೆರೆಯ ಬಸ್ ನಿಲ್ದಾಣದ ಬಳಿ ಒಂದು ದಿನ ಅಪ್ಪನೊಬ್ಬ ಹಾಡುತ್ತಿದ್ದ, ಅವನ ಮಗ ತಲೆಯ ಮೇಲೆ ಕೊಡ ಹೊತ್ತು ಕುಣಿಯುತ್ತಿದ್ದ. ಅದು ಜೋಗತಿ ಕುಣಿತ. ಕೊಡಕ್ಕೆ ಕೈ ಆಸರೆಯಿಲ್ಲ. ಕತ್ತು, ಸೊಂಟ, ಹೆಜ್ಜೆ ಮೂರೂ ಒಂದೇ ತಾಳಕ್ಕೆ ಒಲಿದರೆ ಮಾತ್ರ ಅದು ನೆತ್ತಿಯ ಮೇಲೆ ನಿಲ್ಲುತ್ತದೆ. ನೋಡುತ್ತ ನಿಂತವರಲ್ಲಿ ಮನೆಯ ನಂಟು ಕಡಿದುಹೋದ ಒಂದು ಜೀವವೂ ಇತ್ತು. ಮುಂದೆ ನಾಡು ಆ ಜೀವವನ್ನು ಮಂಜಮ್ಮ ಜೋಗತಿ ಎಂದು ಗುರುತಿಸಿತು. ತಮ್ಮ ಬದುಕು ತಿರುಗಿದ್ದು ಅಲ್ಲಿಯೇ ಎಂದು ಮಂಜಮ್ಮ ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ.

ಆ ದೃಶ್ಯದಲ್ಲಿ ಎಲ್ಲರ ಕಣ್ಣೂ ಕೊಡದ ಮೇಲೆ ಹೋಗುತ್ತದೆ. ಈ ಉಪನ್ಯಾಸದ ಕಣ್ಣು ಮಾತ್ರ ಅಪ್ಪನ ಮೇಲಿದೆ. ಮಗನ ಕುಣಿತಕ್ಕೆ ತನ್ನ ದನಿ ಕೊಟ್ಟು, ಹತ್ತಾರು ಜನರೆದುರು ಪಕ್ಕದಲ್ಲೇ ನಿಂತ ಅಪ್ಪ.

ಮಂಜಮ್ಮನವರಿಗೆ ಅಂಥ ಆಸರೆ ಸಿಕ್ಕಿರಲಿಲ್ಲ. ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ ಕಲ್ಲುಕಂಬ ಗ್ರಾಮದ ಶೆಟ್ಟರ ಮನೆಯಲ್ಲಿ ಹುಟ್ಟಿದ ಮಗುವಿಗೆ ಮಂಜುನಾಥ ಎಂದು ಹೆಸರಿಟ್ಟರು. ಹುಡುಗನಿಗೆ ಹುಡುಗಿಯರ ಜೊತೆಯೇ ಹಿತ, ಅವರ ಹಾಗೆ ನಡೆಯುವುದು, ಉಡುವುದು, ಕುಣಿಯುವುದೇ ಇಷ್ಟ. ಮನೆಯವರು ಬೈದರು, ಹೊಡೆದರು, ದೇವರಿಗೆ ಹರಕೆ ಹೊತ್ತರು. ಕೊನೆಗೆ ಹದಿಹರೆಯದಲ್ಲಿ ಹೊಸಪೇಟೆಯ ಹತ್ತಿರದ ಹುಲಿಗಿಗೆ ಕರೆದೊಯ್ದು ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿದರು. ಸೊಂಟದ ಉಡದಾರ ಕತ್ತರಿಸುವುದು, ಬಳೆ ತೊಡಿಸುವುದು, ಕೊರಳಿಗೆ ಮುತ್ತು ಬೀಳುವುದು, ಇಷ್ಟಾದರೆ ಗಂಡುಮಗ ಜೋಗಪ್ಪನಾಗುತ್ತಾನೆ. ಮಗ ಸತ್ತೇಹೋದನೆಂಬಂತೆ ಅಂದು ತಾಯಿ ಅತ್ತರಂತೆ. ಆಮೇಲೆ ಮನೆಯಲ್ಲಿ ನೆಲೆ ಉಳಿಯಲಿಲ್ಲ. ವಿಷ ಕುಡಿದು ಬದುಕುಳಿದರು, ಸೀರೆಯುಟ್ಟು ಬೀದಿಯಲ್ಲಿ ಭಿಕ್ಷೆ ಬೇಡಿದರು, ದುಡ್ಡು ಕಸಿದವರನ್ನೂ ಮೈಮೇಲೆ ಎರಗಿದವರನ್ನೂ ಕಂಡರು. ಅರುಣ್ ಜೋಳದಕೂಡ್ಲಿಗಿ ನಿರೂಪಿಸಿದ ಅವರ ಆತ್ಮಕಥೆಯ ಹೆಸರು 'ನಡುವೆ ಸುಳಿವ ಹೆಣ್ಣು'. ಹೆಸರು ಕೇಳಿದೊಡನೆ ಜೇಡರ ದಾಸಿಮಯ್ಯನ ವಚನ ನೆನಪಾಗದ ಕನ್ನಡಿಗರಿಲ್ಲ.

ಜೋಗಪ್ಪಂದಿರ ಪರಂಪರೆಯ ಬುಡದಲ್ಲೇ ಒಬ್ಬ ಅಪ್ಪನ ಸಿಟ್ಟಿದೆ. ಗಂಡಿನ ಮೇಲೆ ಮನಸ್ಸು ಹರಿದ ಗಳಿಗೆಯಲ್ಲಿ ರೇಣುಕೆಯ ಮರಳಿನ ಕೊಡ ಕೈಗೂಡಲಿಲ್ಲ. ಗಂಡ ಜಮದಗ್ನಿ ಕನಲಿದ. ತಾಯಿಯ ತಲೆ ಕಡಿಯಿರಿ ಎಂದು ಮಕ್ಕಳಿಗೆ ಅಪ್ಪಣೆ ಮಾಡಿದ. ಪರಶುರಾಮ ಕಡಿದ, ವರ ಬೇಡಿ ತಾಯಿಯನ್ನು ಬದುಕಿಸಿಕೊಂಡ. ಇಷ್ಟು ಎಲ್ಲರಿಗೂ ಗೊತ್ತು. ಒಲ್ಲೆವೆಂದ ಉಳಿದ ಮಕ್ಕಳ ಗತಿ ಏನಾಯಿತು? ಗಂಡಸುತನ ಅಳಿಯಲಿ ಎಂದು ಅಪ್ಪ ಶಪಿಸಿದ, ಅವರು ಹೆಣ್ಣುಡುಗೆ ಉಟ್ಟು ಎಲ್ಲಮ್ಮನಾದ ರೇಣುಕೆಯ ಹಿಂದೆ ಹಾಡುತ್ತ ಕುಣಿಯುತ್ತ ಹೋದರು ಎಂದು ಒಂದು ಪಾಠ ಹೇಳುತ್ತದೆ. ತಾಯಿಯ ಕೊರಳಿಗೆ ಕೈ ಎತ್ತದ ಮಕ್ಕಳು ಅವರು. ಕತೆಯಲ್ಲಿ ಅವ್ವನಿಗೆ ಜೀವ ಮರಳುತ್ತದೆ, ಪರಶುರಾಮನಿಗೆ ಕೀರ್ತಿ ಬರುತ್ತದೆ. ಆ ಮಕ್ಕಳನ್ನು ಮಾತ್ರ ಅಪ್ಪ ಮನೆಗೆ ಕರೆಯುವುದಿಲ್ಲ. ಸವದತ್ತಿಯ ಗುಡ್ಡದಲ್ಲಿ ಚೌಡಿಕೆ ನುಡಿಸುವ ಜೋಗಪ್ಪಂದಿರು ಈ ಕತೆಯನ್ನು ತಮ್ಮ ಮನೆತನದ ಕತೆಯೆಂಬಂತೆ ನೆನೆಯುವುದು ಸಹಜವೇ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮಂಜಮ್ಮನವರದು ವೇಷವಲ್ಲ, ಅದು ಅವರ ಇರವು. ಡ್ರ್ಯಾಗ್ ಬೇರೆ, ಅದು ಕಲೆ. ಬಣ್ಣ ಹಚ್ಚಿ, ವಿಗ್ ತೊಟ್ಟು, ಹೆಣ್ಣಿನ ಇಲ್ಲವೇ ಗಂಡಿನ ರೂಪವನ್ನು ಹಿಗ್ಗಿಸಿ ಆಡುವ ಆಟ. ಬೆಂಗಳೂರಿನ ಅಲೆಕ್ಸ್ ಮ್ಯಾಥ್ಯೂ 2014ರಿಂದ 'ಮಾಯಾ' ಎಂಬ ಹೆಸರಿನಲ್ಲಿ ಸೀರೆಯುಟ್ಟು ವೇದಿಕೆ ಏರುತ್ತಿದ್ದಾರೆ. ಆಟ ಮುಗಿದ ಮೇಲೆ ಅವರು ಮತ್ತೆ ಅಲೆಕ್ಸ್. ಎರಡನ್ನೂ ಒಂದೇ ಎನ್ನುವುದು ಇಬ್ಬರಿಗೂ ಅನ್ಯಾಯ. ಆದರೆ ಮನೆಯ ಬಾಗಿಲು ಈ ವ್ಯತ್ಯಾಸ ಕೇಳುವುದಿಲ್ಲ. ಅದು ಇಬ್ಬರಿಗೂ ಒಂದೇ ಸದ್ದು ಮಾಡಿ ಮುಚ್ಚಿಕೊಳ್ಳುತ್ತದೆ.

ಸೀರೆಯುಟ್ಟ ಗಂಡಸು ಈ ನಾಡಿಗೆ ಹೊಸಬನೇ? ಚೈತ್ರದ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯ ಮುಂದೆ ಕಾದು ನಿಂತವರನ್ನು ಕೇಳಬೇಕು. ಕರಗ ಹೊರುವ ಪೂಜಾರಿ ಗಂಡಸು. ಮೈಮೇಲೆ ಬಳೆ, ತಾಳಿ, ಮಲ್ಲಿಗೆ. ಸುತ್ತ ಬಿಚ್ಚುಗತ್ತಿ ಹಿಡಿದ ವೀರಕುಮಾರರು. ಆ ರಾತ್ರಿ ಅವನೇ ದ್ರೌಪದಿ, ಊರೆಲ್ಲ ಅವಳಿಗೆ ಹೂ ಎರಚುತ್ತದೆ. ಗಡಿಯಾಚೆಯ ಕಾಸರಗೋಡಿನ ಕೋಳ್ಯೂರು ರಾಮಚಂದ್ರ ರಾವ್ ತೆಂಕುತಿಟ್ಟಿನ ಸ್ತ್ರೀವೇಷಕ್ಕೇ ಹೆಸರಾದವರು. ಚೌಕಿಯಲ್ಲಿ ಕೂತು ಮುಖಕ್ಕೆ ಬಣ್ಣ ಹಚ್ಚಿಕೊಂಡ ಆ ಕಲಾವಿದ ರಂಗಕ್ಕೆ ಬಂದರೆ ಜನ ಕಾಣುತ್ತಿದ್ದುದು ದಾಕ್ಷಾಯಿಣಿಯನ್ನು. ಸವದತ್ತಿ ಸೀಮೆಯ ಏಣಗಿಯಲ್ಲಿ 1914ರಲ್ಲಿ ಹುಟ್ಟಿ ನೂರು ವರ್ಷ ದಾಟಿ ಬಾಳಿದ ಏಣಗಿ ಬಾಳಪ್ಪನವರೂ ಎಳೆಯ ಪ್ರಾಯದಲ್ಲಿ ಸ್ತ್ರೀಪಾತ್ರ ಮಾಡಿದವರೇ. ಕನ್ನಡ ವೃತ್ತಿರಂಗಭೂಮಿ ಅವರನ್ನು ಕೊನೆಯವರೆಗೂ ಹಿರಿಯರೆಂದೇ ಗೌರವಿಸಿತು.

ಉಲ್ಟಾ ಉದಾಹರಣೆಯೂ ಇದೆ, ಅದನ್ನು ಬಿಡಲಾಗದು. ಆರ್. ನಾಗರತ್ನಮ್ಮ 1958ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ತಂಡದಲ್ಲಿ ಎಲ್ಲರೂ ಹೆಂಗಸರು. ಕಂಸ, ರಾವಣ, ಭೀಮ ನಾಗರತ್ನಮ್ಮನವರ ಪಾತ್ರಗಳು. ಗದೆ ಹೊತ್ತ ಆ ಹೆಣ್ಣುಮಗಳಿಗೆ 2012ರಲ್ಲಿ ಪದ್ಮಶ್ರೀ ಬಂತು. ಹೆಣ್ಣು ಮೀಸೆ ಅಂಟಿಸಿಕೊಂಡರೆ ಜನ ಅದನ್ನು ಏರಿಕೆ ಎಂದು ಕಾಣುತ್ತಾರೆ, ಗಂಡು ಮೀಸೆ ಬೋಳಿಸಿ ಬಳೆ ತೊಟ್ಟರೆ ಇಳಿಕೆ ಎಂದು. ಅಪ್ಪಂದಿರ ನಾಚಿಕೆಯ ಬೇರು ಅಲ್ಲೇ ಇದೆ: ಹೆಣ್ಣಾಗುವುದೇ ಅವಮಾನ ಎಂಬ ಲೆಕ್ಕದಲ್ಲಿ.

ಹಾಗಾದರೆ ಕರಗದ ಪೂಜಾರಿಗೆ ಸಿಕ್ಕ ಮರ್ಯಾದೆ ವಿಗ್ ತೊಟ್ಟ ಹುಡುಗನಿಗೆ ಏಕಿಲ್ಲ? ಪೂಜಾರಿಯ ಸೀರೆಗೆ ದೇವರು ಜಾಮೀನು. ಸ್ತ್ರೀವೇಷಕ್ಕೆ ಮೇಳ ಜಾಮೀನು, ಬಾಳಪ್ಪನವರ ಪಾತ್ರಕ್ಕೆ ಕಂಪನಿ ಜಾಮೀನು. ಮುತ್ತು ಕಟ್ಟಿಸುವುದೂ ಒಂದು ಬಗೆಯಲ್ಲಿ ಅದೇ: 'ಇನ್ನು ಇವನು ನಮ್ಮವನಲ್ಲ, ಅಮ್ಮನವನು' ಎಂದು ಮಗನನ್ನು ಗುಡಿಗೆ ಒಪ್ಪಿಸಿ ಅಪ್ಪ ಮನೆಗೆ ನಡೆಯಬಹುದು. ಆಧುನಿಕ ಡ್ರ್ಯಾಗ್ ಕಲಾವಿದನ ಬೆನ್ನಿಗೆ ದೇವರಿಲ್ಲ, ಮೇಳವಿಲ್ಲ, ಹರಕೆಯಿಲ್ಲ. ತನಗಿಷ್ಟವೆಂದು ಉಟ್ಟ ಸೀರೆ ಅದು. ಅದಕ್ಕೆ ಜಾಮೀನು ನಿಲ್ಲಬಲ್ಲವನು ಅಪ್ಪನೊಬ್ಬನೇ. ಅದಕ್ಕೇ ಅವನ ಒಪ್ಪಿಗೆ ಇಷ್ಟು ದುಬಾರಿ.

ಅಂಥ ಹುಡುಗನೊಬ್ಬನನ್ನು ಊಹಿಸಿಕೊಳ್ಳೋಣ. ಬಿಟಿಎಂ ಲೇಔಟ್‌ನ ಪಿ.ಜಿ.ಯ ಮೂವರು ಹಂಚಿಕೊಂಡ ಕೋಣೆ. ವಿಗ್ಗು ಸೂಟ್‌ಕೇಸಿನ ತಳದಲ್ಲಿದೆ. ಅಮ್ಮ ವಾರಕ್ಕೊಮ್ಮೆ ಫೋನ್ ಮಾಡುತ್ತಾಳೆ, ಪಿಸುಮಾತಿನಲ್ಲಿ. 'ಅಪ್ಪ ಹೇಗಿದ್ದಾರೆ?' ಎಂದು ಇವನು ಕೇಳುತ್ತಾನೆ. 'ಇದ್ದಾರೆ, ಪೇಪರ್ ಓದ್ತಿದ್ದಾರೆ' ಎಂದು ಆಕೆ ಹೇಳುತ್ತಾಳೆ. ಅಪ್ಪನಿಗೆ ಕೇಳಿಸುವಷ್ಟು ದೂರದಲ್ಲೇ ಫೋನ್ ಇರುತ್ತದೆ. ಅವರು ಕೈ ಚಾಚುವುದಿಲ್ಲ.

ಕನ್ನಡ ಸಿನಿಮಾ ಈ ಮೌನವನ್ನು ಒಮ್ಮೆ ಮುಟ್ಟಿದೆ. ಲಿವಿಂಗ್ ಸ್ಮೈಲ್ ವಿದ್ಯಾ ತಮಿಳಿನಲ್ಲಿ ಬರೆದ ಆತ್ಮಕಥೆಯನ್ನು ತಮಿಳ್ ಸೆಲ್ವಿ ಕನ್ನಡಕ್ಕೆ ತಂದರು. ಅದನ್ನು ಆಧರಿಸಿ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ 'ನಾನು ಅವನಲ್ಲ ಅವಳು' 2015ರಲ್ಲಿ ತೆರೆಗೆ ಬಂತು. ವಿದ್ಯಾ ಅವರ ತಂದೆಗೆ ಮಗ ಕಲೆಕ್ಟರ್ ಆಗಬೇಕಿತ್ತು. ತಲೆಮಾರುಗಳ ಅವಮಾನವನ್ನು ಆ ಒಂದು ಕುರ್ಚಿ ತೊಳೆಯುತ್ತದೆಂದು ನಂಬಿದ ದಲಿತ ಅಪ್ಪ. ಮಗನ ಓದಿಗಾಗಿ ಹೊಡೆದ, ಬಡಿದ. ಅವನನ್ನು ಬರೀ ಕಟುಕ ಎನ್ನಲು ಮನಸ್ಸು ಬಾರದು. ಮಗ ಮಗಳಾದಾಗ ಅವನ ಕನಸೂ ಮುರಿಯಿತು, ಅದಕ್ಕೂ ಒಂದು ಸೂತಕವಿದೆ. ಆ ಸೂತಕವನ್ನು ಮಗುವಿನ ಮೇಲೆ ಹೊರಿಸುವುದು ತಪ್ಪು, ಅಷ್ಟೇ. ಚಿತ್ರದಲ್ಲಿ ಮಾದೇಶನಾಗಿ ಶುರುವಾಗಿ ವಿದ್ಯಾ ಆದವರು ಸಂಚಾರಿ ವಿಜಯ್. ಆ ಪಾತ್ರಕ್ಕೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಬಂತು, ಅದೇ ಚಿತ್ರದ ಪ್ರಸಾಧನಕ್ಕೂ ಬಂತು. 2021ರ ಜೂನ್‌ನಲ್ಲಿ ಬೆಂಗಳೂರಿನ ಜೆ.ಪಿ. ನಗರದ ರಸ್ತೆಯಲ್ಲಿ ಬೈಕ್ ಅಪಘಾತವಾಗಿ ಅವರು ತೀರಿಕೊಂಡರು. ಮನೆಯವರು ಅಂಗಾಂಗ ದಾನ ಮಾಡಿದರು. ತೆರೆಯ ಮೇಲೆ ಅವರನ್ನು ಕಂಡ ಎಷ್ಟೋ ಅಪ್ಪಂದಿರು ಕತ್ತಲಲ್ಲಿ ಕಣ್ಣೊರೆಸಿಕೊಂಡಿರಬಹುದು. ಬೆಳಕು ಬಂದ ಮೇಲೆ ಮನೆಗೆ ಹೋಗಿ ಫೋನ್ ಎತ್ತಿಕೊಳ್ಳುವುದು ಬೇರೆ ಕೆಲಸ.

ಕಾನೂನು ತನ್ನ ಪಾಲಿನ ಕೆಲಸ ಮಾಡಿದೆ. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಲಿಂಗ ಗುರುತನ್ನು ಸ್ವಂತದ ಹಕ್ಕೆಂದಿತು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರ ಮೀಸಲಾತಿ ಕೊಟ್ಟಿತು. ಲಿಂಗತ್ವ ಅಲ್ಪಸಂಖ್ಯಾತರ ಹಕ್ಕುಗಳ ರಕ್ಷಣೆಯ 2019ರ ಕಾಯ್ದೆಯ 12ನೇ ಸೆಕ್ಷನ್ ಇನ್ನೂ ಹತ್ತಿರದ ಮಾತು ಆಡುತ್ತದೆ: ನ್ಯಾಯಾಲಯದ ಆದೇಶವಿಲ್ಲದೆ ಲಿಂಗತ್ವದ ಕಾರಣಕ್ಕೆ ಮಗುವನ್ನು ತಂದೆತಾಯಿಯಿಂದ ಬೇರ್ಪಡಿಸುವಂತಿಲ್ಲ, ಮನೆಯಲ್ಲಿ ಇರುವುದು ಆ ಮಗುವಿನ ಹಕ್ಕು. ಡ್ರ್ಯಾಗ್ ಕಲಾವಿದರೆಲ್ಲ ಇದರ ವ್ಯಾಪ್ತಿಗೆ ಬಾರರು. ಬಂದರೂ ಆ ಸೆಕ್ಷನ್ ಕೋಣೆಯೊಂದನ್ನು ಕೊಡಿಸೀತು. ಅಪ್ಪನನ್ನು ಊಟಕ್ಕೆ ಎದುರು ಕೂರಿಸಲಾರದು.

ದಾವಣಗೆರೆಯಲ್ಲಿ ಕಂಡ ಆ ಕುಣಿತವನ್ನು ಮಂಜಮ್ಮ ಕಲಿತರು. ಮುಂದೆ ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯ ಮೇಳ ಸೇರಿದರು, ಕಾಳವ್ವನ ನಂತರ ಮೇಳವನ್ನು ತಾವೇ ನಡೆಸಿದರು. 2019ರಲ್ಲಿ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತರು. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದರು. ಮನೆಯ ಹಿರಿಯ ಹೆಂಗಸು ಮಕ್ಕಳಿಗೆ ಮಾಡುವ ಕೆಲಸ ಅದು. ಹೊರಗೆ ನಿಂತವರೇ ಒಳಗಿನವರ ದೃಷ್ಟಿ ನಿವಾಳಿಸಿದರು.

ಬಿಟಿಎಂನ ಹುಡುಗ ಪದ್ಮಶ್ರೀ ಕೇಳುತ್ತಿಲ್ಲ. ಜೆ.ಪಿ. ನಗರ 2ನೇ ಹಂತದಲ್ಲಿ 2004ರಿಂದ ರಂಗಶಂಕರವಿದೆ. ಅಲ್ಲಿ ನಾಟಕ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ, ಎಷ್ಟು ದೊಡ್ಡವರಾದರೂ ಸರಿ. ಒಂದು ಸಂಜೆ ಅಲ್ಲಿ ಅವನು ಹೆಣ್ಣಿನ ಪಾತ್ರದಲ್ಲಿ ಬಂದರೆ, ಅಪ್ಪ ಏಳೂಕಾಲಿಗೆಲ್ಲ ಬಂದು ಕೂತಿರಬೇಕು. ಬನಶಂಕರಿಯಿಂದ ಹೊರಡುವುದಾದರೆ, ಆ ಹೊತ್ತಿನ ಟ್ರಾಫಿಕ್ಕಿನಲ್ಲಿ, ಆರೂವರೆಗೇ ಚಪ್ಪಲಿ ಮೆಟ್ಟಬೇಕು.