ಸಂತೆ, ಮಾಲ್ ಮತ್ತು ನಮ್ಮ ಸಂಘದ ಅಂಗಡಿ

(ಸಂಘದ ಬೆಳ್ಳಿಹಬ್ಬದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ್ದು ನಮಗೆಲ್ಲ ಸಂತೋಷದ ಸಂಗತಿ. ಮೊದಲು ಷೇರು ಹಣ ಕಟ್ಟಿದ ಹಿರಿಯರಲ್ಲಿ ಕೆಲವರು ಇಂದು ನಮ್ಮೊಂದಿಗಿಲ್ಲ. ಅವರನ್ನು ನೆನೆದು ಎರಡು ಮಾತು ಹೇಳಲು ಬಯಸುತ್ತೇವೆ.

ಬೆಳ್ಳಿಹಬ್ಬದ ನೆನಪಿಗೆ ಏನು ಮಾಡಬೇಕೆಂಬ ಚರ್ಚೆ ಊರಲ್ಲಿ ನಡೆದಿದೆ. ರಸ್ತೆ ಬದಿಯ ಸಂಘದ ಜಾಗದಲ್ಲಿ ಎರಡು ಅಂತಸ್ತಿನ ಮಳಿಗೆ ಕಟ್ಟಿ ಬಾಡಿಗೆಗೆ ಕೊಡಬೇಕೆಂಬ ಸಲಹೆ ಮಹಾಸಭೆಯ ಮುಂದಿದೆ. "ಸಿಂಧನೂರಿನ್ಹಂಗ ನಮ್ಮೂರಾಗೂ ಒಂದು ದೊಡ್ಡ ಅಂಗಡಿ ಆಗ್ಲಿ, ಸಣ್ಣ ಮಾಲ್ ಇದ್ದಂಗ ಇರ್ಲಿ" ಎಂದು ನಮ್ಮ ಹುಡುಗರು ಅಂತಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಇಪ್ಪತ್ತೈದು ವರ್ಷ ಕೂಡಿಟ್ಟ ಹಣವನ್ನು ಸಿಮೆಂಟು, ಕಬ್ಬಿಣಕ್ಕೆ ಹಾಕುವ ಮೊದಲು, ಮಾಲ್ ಎಂಬುದು ಎಲ್ಲಿ ಹುಟ್ಟಿತು, ಹುಟ್ಟಿದ ಕಡೆ ಈಗ ಏನಾಗಿದೆ ಎಂಬುದನ್ನು ನಾವು ತಿಳಿದುಕೊಳ್ಳುವುದು ಒಳ್ಳೆಯದು.

ಅಮೆರಿಕ ದೇಶದ ಮಿನೆಸೋಟ ರಾಜ್ಯದಲ್ಲಿ 1956ರಲ್ಲಿ ಸೌತ್‌ಡೇಲ್ ಎಂಬ ಮಾಲ್ ಆರಂಭವಾಯಿತು. ಊರ ಹೊರಗಿನ ಹೊಸ ಬಡಾವಣೆಯಲ್ಲಿ, ಒಂದೇ ಚಾವಣಿಯ ಕೆಳಗೆ, ಚಳಿ ಬಿಸಿಲು ತಾಗದಂತೆ ಹತ್ತಾರು ಅಂಗಡಿ. ಅದರ ನಕ್ಷೆ ಮಾಡಿದ ವಿಕ್ಟರ್ ಗ್ರೂಯೆನ್ ಎಂಬುವರು ಆಸ್ಟ್ರಿಯ ದೇಶದ ವಿಯೆನ್ನಾದಿಂದ ಹೋದವರು. ಹಳೆಯ ಊರಿನ ಪೇಟೆ ಚೌಕದ ಹಾಗೆ ಜನ ಕೂಡುವ, ಮಾತಾಡುವ ಜಾಗ ಅದಾಗಲಿ ಎಂಬುದು ಅವರ ಆಸೆಯಾಗಿತ್ತು. ಮುಂದೆ ದೇಶದ ತುಂಬ ಇಂಥವು ಎದ್ದವು. ಅಂಗಡಿಗಳೇನೋ ಬಂದವು, ಆದರೆ ಗ್ರೂಯೆನ್ ಬಯಸಿದ ಊರು ಬರಲಿಲ್ಲ. ಕೊನೆಗೆ ಅವರೇ ಅವುಗಳನ್ನು ತಮ್ಮವೆಂದು ಒಪ್ಪಲಿಲ್ಲ.

ಈ ವ್ಯಾಪಾರದ ಗುಟ್ಟು ಸರಳವಾದದ್ದು. ಒಂದೆರಡು ದೊಡ್ಡ ಅಂಗಡಿಗಳು ಗಿರಾಕಿಯನ್ನು ಎಳೆದು ತರುತ್ತವೆ. ಆ ಗಿರಾಕಿ ಹೋಗುತ್ತ ಬರುತ್ತ ಸಣ್ಣ ಅಂಗಡಿಯಲ್ಲೂ ಚೂರುಪಾರು ಕೊಳ್ಳುತ್ತಾನೆ. ಸಣ್ಣವರು ಬಾಡಿಗೆ ಕಟ್ಟುವುದು ಆ ಕಾಲ್ನಡಿಗೆಯ ಲೆಕ್ಕದ ಮೇಲೆ. ದೊಡ್ಡ ಅಂಗಡಿ ಮುಚ್ಚಿತೆಂದರೆ ಕೀಲು ಕಳಚಿದ ಬಂಡಿಯಂತೆ ಉಳಿದವೂ ಒಂದೊಂದಾಗಿ ಕುಸಿಯುತ್ತವೆ. ಅಮೆರಿಕದಲ್ಲಿ ಆದದ್ದು ಇದೇ. ಬೇಕಾದ್ದಕ್ಕಿಂತ ಹೆಚ್ಚು ಮಾಲ್ ಕಟ್ಟಿದ್ದರು. ಜನರ ರುಚಿಯೂ ಬದಲಾಯಿತು. ಅಲ್ಲಿನ ಸಿಯರ್ಸ್ ಎಂಬ ದೊಡ್ಡ ವ್ಯಾಪಾರ ಸಂಸ್ಥೆಯ ಕಥೆ ಕೇಳಬೇಕು. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅದು ಬೆಳೆದದ್ದೇ ಹಳ್ಳಿಯ ರೈತರಿಗೆ ಬೆಲೆಪಟ್ಟಿಯ ಪುಸ್ತಕ ಕಳಿಸಿ, ಅಂಚೆಯಲ್ಲಿ ಸಾಮಾನು ಮಾರಿ. ಮುಂದೆ ಮಾಲ್‌ಗಳಲ್ಲಿ ದೊಡ್ಡ ಅಂಗಡಿ ಇಟ್ಟಿತು. 1993ರಲ್ಲಿ ಆ ಪುಸ್ತಕವನ್ನೇ ನಿಲ್ಲಿಸಿತು. ಮರುವರ್ಷ 1994ರಲ್ಲಿ ಅಮೆಜಾನ್ ಹುಟ್ಟಿತು. ಮನೆ ಬಾಗಿಲಿಗೆ ಸಾಮಾನು ಕಳಿಸುವ ಅದೇ ಹಳೆಯ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿತು. 2018ರಲ್ಲಿ ಸಿಯರ್ಸ್ ದಿವಾಳಿ ಅರ್ಜಿ ಹಾಕಿತು.

"ಅದು ಅಮೆರಿಕದ ಮಾತು, ನಮಗ್ಯಾಕ್ರಿ?" ಎಂದು ಕೇಳಬಹುದು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೆ? ನಮ್ಮ ದೇಶದಲ್ಲಿ ನೈಟ್ ಫ್ರ್ಯಾಂಕ್ ಎಂಬ ಸಂಸ್ಥೆ 29 ನಗರಗಳ ಮಾಲ್‌ಗಳನ್ನು ಲೆಕ್ಕ ಹಾಕಿ 2024ರಲ್ಲಿ ವರದಿ ಕೊಟ್ಟಿತು. ನೂರಕ್ಕೆ ನಲವತ್ತು ಪಾಲಿಗಿಂತ ಹೆಚ್ಚು ಜಾಗ ಖಾಲಿ ಬಿದ್ದಿರುವ ಮಾಲ್‌ಗಳಿಗೆ ಅವರು ಭೂತದ ಮಾಲ್ ಎಂಬ ಅರ್ಥದ ಹೆಸರಿಟ್ಟಿದ್ದಾರೆ. ದೊಡ್ಡ ನಗರಗಳಲ್ಲಿ ಅಂಥವು 2022ರಲ್ಲಿ 57 ಇದ್ದವು, 2023ರಲ್ಲಿ 64 ಆದವು. ಒಳ್ಳೆಯ ಮಾಲ್‌ಗಳಲ್ಲಿ ಈಗಲೂ ಕಾಲಿಡಲು ಜಾಗವಿಲ್ಲ. ಖಾಲಿಯಾದವು ಹೆಚ್ಚಾಗಿ ಸಣ್ಣವು. ಕಟ್ಟಡ ಎದ್ದ ಮಾತ್ರಕ್ಕೆ ಗಿರಾಕಿ ಬರುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಬಂಧುಗಳೆ, ಈ ಪಾಠ ಕಲಿಯಲು ಅಷ್ಟು ದೂರ ಹೋಗಬೇಕಾದ್ದೂ ಇಲ್ಲ. ನಮ್ಮ ಸಂತೆಯನ್ನೇ ನೋಡಿರಿ. ಲಿಂಗಸುಗೂರು, ಮಸ್ಕಿ, ಸಿಂಧನೂರು ಕಡೆಯ ಸಂತೆಗಳಿಗೂ ಒಂದು ಕೀಲು ಇತ್ತು. ಅದು ದನ ಮತ್ತು ಕಾಳು. ಎತ್ತು ಕೊಳ್ಳಲು ಬಂದ ರೈತ ಹಗ್ಗ, ಮೂಗುದಾಣ, ಗೆಜ್ಜೆ ಕೊಂಡ. ಕಮ್ಮಾರನ ಹತ್ತಿರ ಕುಡಗೋಲು ತಟ್ಟಿಸಿದ. ಮನೆಯಾಕೆಗೆ ಬಳೆ, ಮಕ್ಕಳಿಗೆ ಮಂಡಾಳು ಮಿರ್ಚಿ ಕಟ್ಟಿಸಿಕೊಂಡು ಬಂದ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಗದ್ದೆಯಾಯಿತು, ಟ್ರ್ಯಾಕ್ಟರ್ ಬಂದಿತು. ಕಾಳು ಎಪಿಎಂಸಿಗೆ, ಭತ್ತ ಮಿಲ್ಲಿಗೆ ಹೋಯಿತು. ಎತ್ತು ಕೊಳ್ಳುವವನು ಕಡಿಮೆಯಾದಂತೆ ಹಗ್ಗದವನಿಗೂ ಗಿರಾಕಿ ಇಲ್ಲ, ಕಮ್ಮಾರನಿಗೂ ಇಲ್ಲ. ಯಾರೂ ಸಂತೆಯನ್ನು ಮುಚ್ಚಲಿಲ್ಲ. ತರಕಾರಿ ಸಂತೆಯಾಗಿ ಅದು ಉಳಿದಿದೆ. ಅದರ ಕೀಲು ಮಾತ್ರ ಕಳಚಿತು.

ಹಾಗಾದರೆ ಗಿರಾಕಿ ಎಲ್ಲಿ ಹೋದ? ಗಿರಾಕಿ ಎಂದರೆ ಬೇರೆ ಯಾರೂ ಅಲ್ಲ, ನಾವೇ. ಮೊದಲು ಜೋಳ, ಸಜ್ಜೆ ಮನೆಯ ಹಗೇವಿನಿಂದ ಬರುತ್ತಿತ್ತು. ಅಂಗಡಿಗೆ ಹೋಗುತ್ತಿದ್ದದ್ದು ಉಪ್ಪು, ಬೆಲ್ಲ, ಸೀಮೆಎಣ್ಣೆಗೆ. ಈಗ ಕಾಲುವೆ ಕೆಳಗಿನ ನಾವು ಭತ್ತ ಬೆಳೆದು ಹಸಿ ಭತ್ತವನ್ನೇ ಮಾರಿ, ಚಿತ್ರ ಹಾಕಿದ ಚೀಲದ ಸೋನಾ ಮಸೂರಿಯನ್ನು ಪೇಟೆಯಿಂದ ತರುತ್ತೇವೆ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಜಿಎಸ್‌ಟಿ ಬಂದಿತು; ಆಮೇಲೆ ಪೇಟೆಗೆ 26 ಕಿಲೋ ಚೀಲ ಬಂದವು. ನಮ್ಮ ಹೊಲದ ಭತ್ತ, ನಮ್ಮ ತಾಲೂಕಿನ ಮಿಲ್ಲು, ಆದರೆ ಚೀಲದ ಮೇಲಿನ ಹೆಸರು ಬೇರೆಯವರದು. ಲಾಭವೂ ಹೆಸರಿದ್ದವರದೇ.

ಇನ್ನು 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದಿತು. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಟಿಕೆಟು ಉಚಿತವಾಯಿತು. ಅದೇ ವರ್ಷ ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಅವರ ಹೆಸರಿನ ಖಾತೆಗೆ ಬೀಳತೊಡಗಿತು. ಮೊದಲು ಗಂಡಸರು ತಂದದ್ದನ್ನು ಉಡುತ್ತಿದ್ದ ನಮ್ಮ ಅಕ್ಕತಂಗಿಯರು ಈಗ ತಾವೇ ಸಿಂಧನೂರಿಗೆ ಹೋಗಿ, ನಾಲ್ಕು ಅಂಗಡಿ ತಿರುಗಿ, ಸೀರೆ ಬಿಚ್ಚಿಸಿ ನೋಡಿ ತರುತ್ತಾರೆ. ಇದು ಒಳ್ಳೆಯದೇ. ಕೊಳ್ಳುವವರು ಯಾರು, ಆರಿಸುವವರು ಯಾರು ಎಂಬುದೇ ಬದಲಾಗಿದೆ. ನಮ್ಮ ಹುಡುಗರು ಮೊಬೈಲಿನಲ್ಲಿ ಅಂಗಿ ತರಿಸುತ್ತಾರೆ. ಆ ವ್ಯಾಪಾರ ಮಾಡುವ ಫ್ಲಿಪ್‌ಕಾರ್ಟ್ 2007ರಲ್ಲಿ, ಮೀಶೋ 2015ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದವು. ಬಸ್ಸಿಗೆ ಟಿಕೆಟಿಲ್ಲ, ಪಾರ್ಸೆಲ್ ಮನೆಗೇ ಬರುತ್ತದೆ ಎಂದಮೇಲೆ ನಮ್ಮೂರಿನ ಎರಡನೇ ಅಂತಸ್ತಿಗೆ ಬಟ್ಟೆ ಕೊಳ್ಳಲು ಯಾರು ಹತ್ತುತ್ತಾರೆ? ವಿಚಾರ ಮಾಡಿರಿ.

ಬಾಡಿಗೆಯ ಮಾತೂ ಹಾಗೆಯೇ. ಈ ಭಾಗದ ವ್ಯಾಪಾರವೆಲ್ಲ ಬೆಳೆಯ ಮೇಲೆ ನಿಂತದ್ದು. 2023ರಲ್ಲಿ ಬರಗಾಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಾವೆಲ್ಲ ಎಷ್ಟು ದಿನ ನಿದ್ದೆಗೆಟ್ಟಿದ್ದೇವೆಂಬುದು ನಿಮಗೆ ಗೊತ್ತು. ಕಾಲುವೆಗೆ ನೀರು ಬಾರದ ವರ್ಷ ಬಾಡಿಗೆ ಬಾರದು. ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ಹಾಗೆಂದು ಸಂಘದ ಅಂಗಡಿಗೆ ಕಾಲವಿಲ್ಲ ಎನ್ನುವುದು ನಮ್ಮ ಅಭಿಪ್ರಾಯವಲ್ಲ. 2020ರ ಮಾರ್ಚ್ ಕೊನೆಗೆ ಲಾಕ್‌ಡೌನ್ ಆಗಿ ಬಸ್ಸು ನಿಂತಾಗ, ಮಾಲ್‌ಗಳಿಗೆ ಬೀಗ ಬಿದ್ದಾಗ, ಹಳ್ಳಿಗಳಿಗೆ ಬೇಳೆ, ಎಣ್ಣೆ ಸಿಕ್ಕಿದ್ದು ಊರೊಳಗಿನ ಅಂಗಡಿಗಳಲ್ಲಿ. ಹತ್ತಿರ ಇರುವುದೂ ಒಂದು ಬಂಡವಾಳ.

ಸಹಕಾರದ ಇತಿಹಾಸವೂ ಇದನ್ನೇ ಹೇಳುತ್ತದೆ. 1844ರಲ್ಲಿ ಇಂಗ್ಲೆಂಡಿನ ರಾಕ್‌ಡೇಲ್ ಎಂಬಲ್ಲಿ 28 ಜನ, ಅವರಲ್ಲಿ ಹಲವರು ನೇಕಾರರು, ತಲೆಗೆ ಒಂದು ಪೌಂಡಿನಂತೆ ಕೂಡಿಸಿ ಅಂಗಡಿ ತೆರೆದರು. ಬೆಣ್ಣೆ, ಸಕ್ಕರೆ, ಹಿಟ್ಟು, ಮೇಣದಬತ್ತಿ, ಇಷ್ಟೇ ಸಾಮಾನು. ಕಟ್ಟಡ ಹಳೆಯ ಬಾಡಿಗೆಯದು. ಆದರೆ ತೂಕ ಸರಿ, ಕಲಬೆರಕೆ ಇಲ್ಲ, ಉದ್ರಿ ಇಲ್ಲ, ಬಂದ ಲಾಭದಲ್ಲಿ ಯಾರು ಎಷ್ಟು ಕೊಂಡರೋ ಅಷ್ಟು ಪಾಲು. ನಮ್ಮ ನಾಡಿನಲ್ಲಿ 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದಾಗ ಅವರ ಮುಂದಿದ್ದದ್ದೂ ಕಟ್ಟಡವಲ್ಲ, ಸಾಲದಲ್ಲಿ ಮುಳುಗಿದ ರೈತ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೆ. 1962ರ ಚೀನಾ ಯುದ್ಧದ ಕಾಲಕ್ಕೆ ಕೇಂದ್ರ ಸರ್ಕಾರದ ಯೋಜನೆಯಿಂದ ಗ್ರಾಹಕ ಸಹಕಾರ ಬೆಳೆಯಿತು, ಊರೂರಿಗೆ ಜನತಾ ಬಜಾರ್ ಬಂದವು. ಸಾಮಾನಿಗೆ ಅಭಾವ ಇದ್ದಾಗ ಜನ ಸರದಿ ನಿಂತರು. ಅಭಾವ ತೀರಿ, ಕೈಗೆ ಆಯ್ಕೆ ಬಂದ ಮೇಲೆ ಎಷ್ಟೋ ಕಡೆ ಅವು ಸೊರಗಿದವು. ಅಭಾವದಿಂದ ಬರುವ ಗಿರಾಕಿ ಬೇರೆ, ನಂಬಿಕೆಯಿಂದ ಬರುವ ಗಿರಾಕಿ ಬೇರೆ.

ಆದ್ದರಿಂದ ಮಹಾಸಭೆಯ ಮುಂದೆ ಕೆಲವು ಮಾತು ಇಡುತ್ತೇವೆ. ಎರಡು ಅಂತಸ್ತಿನ ಮಳಿಗೆಯನ್ನು ಸದ್ಯಕ್ಕೆ ಬದಿಗಿಡೋಣ. ಅದೇ ಜಾಗದಲ್ಲಿ ಒಂದು ಗಟ್ಟಿ ಗೋದಾಮು ಮತ್ತು ಭತ್ತ ಒಣಗಿಸುವ ಕಣ ಆಗಲಿ. ಸದಸ್ಯರ ಭತ್ತವನ್ನು ಮಿಲ್ಲಿಗೆ ಕೂಲಿ ಕೊಟ್ಟು ಅಕ್ಕಿ ಮಾಡಿಸಿ, ಸಂಘದ ಹೆಸರಿನ ಚೀಲದಲ್ಲಿ ನಾವೇ ಮಾರೋಣ. ಮೊದಲು ನಮ್ಮ ಮನೆಗಳಿಗೆ, ಆಮೇಲೆ ಪೇಟೆಗೆ. ಜೋಳ, ತೊಗರಿ ಬೇಳೆ, ಶೇಂಗಾ ಎಣ್ಣೆಯೂ ಹಾಗೆ. ಇವು ಪಾರ್ಸೆಲ್ಲಿನಲ್ಲಿ ಬರುವ ಸಾಮಾನಲ್ಲ, ದಿನವೂ ಒಲೆಯ ಮೇಲೆ ಏರುವವು. ನಮ್ಮ ಅಂಗಡಿಯ ಕೀಲು ಇವೇ ಆಗಬೇಕು.

ಎರಡನೆಯದು, ವರ್ಷದ ಕೊನೆಗೆ ಷೇರಿನ ಲಾಭಾಂಶದ ಜೊತೆಗೆ, ಕಾಯದೆಗೆ ಒಳಪಟ್ಟು, ಕೊಂಡಷ್ಟಕ್ಕೆ ತಕ್ಕ ಪಾಲನ್ನೂ ಸದಸ್ಯರಿಗೆ ಕೊಡುವ ಠರಾವು ಆಗಲಿ. ಮೂರನೆಯದು ಉದ್ರಿ. "ಇಂದು ನಗದು, ನಾಳೆ ಉದ್ರಿ" ಎಂದು ಬೋರ್ಡು ಬರೆದು ಸುಗ್ಗಿಯವರೆಗೆ ಕೈಯಲ್ಲಿ ಕಾಸಿಲ್ಲದ ಕೂಲಿಕಾರರನ್ನು ಹೊರಗೆ ನಿಲ್ಲಿಸುವುದು ಸಹಕಾರವಲ್ಲ. ಮಿತಿಯಿಲ್ಲದೆ ಕೊಟ್ಟು ಸಂಘ ಮುಳುಗಿಸುವುದೂ ಸಹಕಾರವಲ್ಲ. ಷೇರಿಗೆ ತಕ್ಕಂತೆ ಒಂದು ಮಿತಿ ಇರಲಿ, ಅದು ಗೌಡರಿಗೂ ಒಂದೇ, ಕೂಲಿಯವರಿಗೂ ಒಂದೇ ಆಗಿರಲಿ. ನಾಲ್ಕನೆಯದು, ಅಂಗಡಿಗೆ ಏನು ತರಿಸಬೇಕೆಂಬುದನ್ನು ತೀರ್ಮಾನಿಸುವ ಉಪಸಮಿತಿಯಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳಿರಲಿ. ಕೊಳ್ಳುವವರು ಅವರು, ಪಟ್ಟಿ ಬರೆಯುವವರು ನಾವು ಗಂಡಸರಾದರೆ ಸಾಮಾನು ಅಟ್ಟದ ಮೇಲೆ ಧೂಳು ತಿನ್ನುತ್ತದೆ.

ಹುಡುಗರಿಗೆ ಬೇಸರವಾಗುವುದು ಬೇಡ. ಬಟ್ಟೆಗೆ ಸಿಂಧನೂರಿಗೆ ಹೋಗಲಿ, ಬೇಕಾದ್ದನ್ನು ಮೊಬೈಲಿನಲ್ಲಿ ತರಿಸಲಿ. ಆ ಪೈಪೋಟಿಗೆ ನಾವು ಇಳಿಯಬೇಕಾಗಿಲ್ಲ. ಆದರೆ ಮನೆಯ ಅಕ್ಕಿ, ಬೇಳೆ, ಎಣ್ಣೆಯ ರೊಕ್ಕ ಊರಲ್ಲೇ ಒಂದು ಸುತ್ತು ಹೆಚ್ಚಿಗೆ ತಿರುಗಿದರೆ, ಆ ಹುಡುಗರಲ್ಲೇ ನಾಲ್ಕು ಜನಕ್ಕೆ ಇಲ್ಲಿ ಕೆಲಸ ಸಿಕ್ಕೀತು. ಗುಳೆ ಹೋಗುವ ಮನೆಗಳಲ್ಲಿ ಒಂದೆರಡಾದರೂ ಕಡಿಮೆಯಾದಾವು.

ಬರುವ ಮಹಾಸಭೆಗೆ ಎಲ್ಲ ಸದಸ್ಯರೂ ತಪ್ಪದೆ ಬನ್ನಿರಿ, ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿರಿ. ನಮ್ಮ ಮಾತು ಸರಿ ಕಾಣದಿದ್ದರೆ ಎದ್ದು ನಿಂತು ಹೇಳಿರಿ. ಠರಾವು ಆಗಬೇಕಾದ್ದು ನಿಮ್ಮಿಂದ. 

ಜೈ ಸಹಕಾರ, ಜೈ ಕರ್ನಾಟಕ.