ವಿಜ್ಞಾನ ಬೋಧನೆಯಲ್ಲಿ ಫಲವಿಚಾರವೂ ಸಾಧನ ವಿನಿಯೋಗವೂ

(ಬೆಂಗಳೂರು ಶ್ರೀನಗರದ ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)



ವ್ಯಾಕರಣ ತರ್ಕಗಳನ್ನೋದಿದ ಪಾಠಶಾಲೆಯ ಪಂಡಿತನು ಕಾಲೇಜುಗಳ ವಿಜ್ಞಾನ ಬೋಧನೆಯನ್ನು ಕುರಿತು ಮಾತನಾಡುವುದೇಕೆಂದು ಕೆಲವರಿಗೆ ತೋರಬಹುದು. ಮಠಗಳ ದಾಸೋಹದಲ್ಲಿ ಉಂಡು ಬೆಳೆದ ಹಳ್ಳಿಯ ಮಕ್ಕಳು ಇಂದು ಬಿ.ಎಸ್‌ಸಿ. ತರಗತಿಗಳಲ್ಲಿ ಕುಳಿತಿರುವರಷ್ಟೆ. ಅವರ ಕಷ್ಟವು ನಮ್ಮದೂ ಅಹುದು.

ಆ ಕಷ್ಟವನ್ನು ಒಂದು ದೃಷ್ಟಾಂತದಿಂದ ಅರಿಕೆ ಮಾಡುವೆನು. ಲೋಲಕವನ್ನು ತೂಗಿಸಿ ಭೂಮಿಯ ಗುರುತ್ವವನ್ನು ಅಳೆಯುವ ಪ್ರಯೋಗವೊಂದುಂಟು. 1 ಮೀಟರು ಉದ್ದದ ಲೋಲಕವು 20 ಸಲ ತೂಗಲು ಸುಮಾರು 40 ಸೆಕೆಂಡು ಹಿಡಿಯುವುದು. ಗಡಿಯಾರವನ್ನು ಒತ್ತುವಾಗ 0.2 ಸೆಕೆಂಡು ತಪ್ಪಿದರೆ ಕಾಲದ ಎಣಿಕೆಯಲ್ಲಿ ನೂರಕ್ಕೆ ಅರ್ಧ ಪಾಲು ದೋಷವು. ಸೂತ್ರದಲ್ಲಿ ಕಾಲವು ವರ್ಗವಾಗಿ ಬರುವುದರಿಂದ ಉತ್ತರದಲ್ಲಿ ನೂರಕ್ಕೆ ಒಂದು ಪಾಲು ದೋಷವು. ಈ ದೋಷಗಣನೆಯ ಕ್ರಮವನ್ನು ಗಣಿತದ ಅಧ್ಯಾಪಕರು ಮುಂದಿನ ಷಣ್ಮಾಸದಲ್ಲಿ ಹೇಳುವುದಾದರೆ, ಭೌತಶಾಸ್ತ್ರದ ವಿದ್ಯಾರ್ಥಿಯು 9.8 ಎಂಬ ಅಂಕೆಯನ್ನು ಬಾಯಿಪಾಠದಿಂದ ಬರೆದು ಕೈತೊಳೆದುಕೊಳ್ಳುವನು. ಅಧ್ಯಾಪಕರಿಬ್ಬರೂ ಚೆನ್ನಾಗಿಯೇ ಬೋಧಿಸಿದರು; ಶಿಷ್ಯನಿಗೆ ಮಾತ್ರ ವಿದ್ಯೆ ಬರಲಿಲ್ಲ.

ಪಾಣಿನಿಯ ಅಷ್ಟಾಧ್ಯಾಯಿಯಲ್ಲಿ ಅನುವೃತ್ತಿಯೆಂಬುದೊಂದುಂಟು. ಹಿಂದಿನ ಸೂತ್ರದ ಪದವು ಮುಂದಿನ ಸೂತ್ರಕ್ಕೆ ಹರಿದು ಬಂದಲ್ಲದೆ ಅದರ ಅರ್ಥವು ಪೂರ್ಣವಾಗದು. ಗಣಿತದ ಕೊಠಡಿಯಿಂದ ಭೌತಶಾಸ್ತ್ರದ ಕೊಠಡಿಗೂ, ಅಲ್ಲಿಂದ ರಸಾಯನಶಾಸ್ತ್ರದ ಕೊಠಡಿಗೂ ಅಂತಹ ಅನುವೃತ್ತಿ ಇರಬೇಕಾದುದು ಅವಶ್ಯಕ. ಗುರುವು ಎಷ್ಟು ಪಾಠ ಹೇಳಿದನೆಂಬುದನ್ನಲ್ಲ, ಶಿಷ್ಯನು ಏನನ್ನು ಮಾಡಿ ತೋರಿಸಬಲ್ಲನೆಂಬುದನ್ನು ಮೊದಲೇ ನಿಶ್ಚಯಿಸುವುದೇ ಕಲಿಕಾ ಫಲವೆನಿಸುವುದು. ಅಮೆರಿಕದ ರಾಲ್ಫ್ ಟೈಲರ್ 1949ರಲ್ಲಿಯೂ ಬೆಂಜಮಿನ್ ಬ್ಲೂಮ್ 1956ರಲ್ಲಿಯೂ ಪ್ರಕಟಿಸಿದ ಗ್ರಂಥಗಳು ಈ ವಿಚಾರಕ್ಕೆ ಶಾಸ್ತ್ರರೂಪವನ್ನು ಕೊಟ್ಟವು. 1994ರಲ್ಲಿ ಸ್ಥಾಪಿತವಾಗಿ ನಮ್ಮ ನಗರದ ನಾಗರಬಾವಿಯಲ್ಲಿರುವ ನ್ಯಾಕ್ ಸಂಸ್ಥೆಯು ಕಾಲೇಜುಗಳ ಗುಣವನ್ನು ಪರೀಕ್ಷಿಸುವಾಗ ಈ ಫಲಗಳನ್ನು ವಿಚಾರಿಸುವುದು.

ಆದರೆ ಪರಿಶೀಲಕರ ಸಲುವಾಗಿ ಬರೆದಿಟ್ಟ ಫಲವು ಪುಸ್ತಕದ ಬದನೆಕಾಯಿಯಂತೆ. "ಲೋಲಕವನ್ನು ಅರಿಯುವನು" ಎಂದರೆ ಏನೂ ಹೇಳಿದಂತಾಗದು. "ಗುರುತ್ವವನ್ನು ಅಳೆದು, ತನ್ನ ಉತ್ತರದಲ್ಲಿ ದೋಷವೆಷ್ಟೆಂಬುದನ್ನೂ ಕಾರಣಸಹಿತ ಹೇಳುವನು" ಎಂದರೆ ಎರಡು ವಿಭಾಗಗಳ ಅಧ್ಯಾಪಕರು ಒಂದೆಡೆ ಕುಳಿತು ಪಾಠಕ್ರಮವನ್ನು ಹೊಂದಿಸಲೇಬೇಕಾಗುವುದು. ಬೆಂಗಳೂರು ವಿಶ್ವವಿದ್ಯಾನಿಲಯವು 2017ರಲ್ಲಿ ಮೂರಾಗಿ ವಿಭಾಗವಾಯಿತು. ನಮ್ಮ ರಾಜ್ಯದಲ್ಲಿ 2021-22ರಲ್ಲಿ ನಾಲ್ಕು ವರ್ಷಗಳ ಪದವಿಕ್ರಮವು ಬಂದು, 2024-25ರಲ್ಲಿ ಮತ್ತೆ ಮೂರು ವರ್ಷಗಳ ಕ್ರಮವು ಬಂದಿತು. ಹೀಗೆ ಕ್ರಮಗಳು ಬದಲಾಗುತ್ತಿರುವಾಗ ಅಧ್ಯಾಪಕರ ಪರಸ್ಪರ ಒಪ್ಪಂದವೊಂದೇ ವಿದ್ಯಾರ್ಥಿಗೆ ಆಧಾರವು.

ಫಲವು ನಿಶ್ಚಯವಾದ ಮೇಲೆ ಸಾಧನಗಳ ಮಾತು. ಎಲ್ಲ ಕಾಲೇಜುಗಳೂ ಎಲ್ಲ ಉಪಕರಣಗಳನ್ನೂ ಕೊಳ್ಳಲಾರವು. ಶ್ರೀನಗರಕ್ಕೆ ಸಮೀಪವಾದ ಬಸವನಗುಡಿಯಲ್ಲಿ 1945ರಲ್ಲಿ ಪ್ರಾರಂಭವಾದ ನ್ಯಾಷನಲ್ ಕಾಲೇಜು ಇರುವುದು. ಅಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ವಿಜ್ಞಾನ ವೇದಿಕೆಯು ವಿದ್ವಾಂಸರ ಉಪನ್ಯಾಸಗಳನ್ನು ಊರಿಗೆಲ್ಲ ತೆರೆದಿಟ್ಟಿತು. ಉಪನ್ಯಾಸದಲ್ಲಿ ಸಾಧ್ಯವಾದುದು ಪ್ರಯೋಗಶಾಲೆಯಲ್ಲಿಯೂ ಸಾಧ್ಯವಾಗಬೇಕು. ಕೇಂದ್ರ ಸರ್ಕಾರದ ವರ್ಚುವಲ್ ಲ್ಯಾಬ್ಸ್ ಎಂಬ ಏರ್ಪಾಡಿನಿಂದ ಪ್ರಯೋಗಗಳನ್ನು ಗಣಕಯಂತ್ರದ ತೆರೆಯ ಮೇಲೆ ಕಾಣಬಹುದಾದರೂ, ಗಡಿಯಾರವನ್ನು ಒತ್ತುವ ಕೈಯ ತಪ್ಪು ಕೈಗೇ ತಿಳಿಯಬೇಕು.

ವಿದ್ಯೆಯು ಹಂಚಿದಷ್ಟೂ ಬೆಳೆಯುವುದೆಂದು ಹೇಳುವೆವು. ಉಪಕರಣವು ಹಾಗಲ್ಲ, ಹಂಚಿದಷ್ಟೂ ಸವೆಯುವುದು, ಒಡೆಯುವುದು. ದುರಸ್ತಿಯ ವೆಚ್ಚವನ್ನು ಹೊರುವವರಾರೆಂಬ ಪ್ರಶ್ನೆಯು ಮೊದಲೇ ತೀರ್ಮಾನವಾಗದಿದ್ದರೆ ಸದುದ್ದೇಶವು ಅಲ್ಲಿಯೇ ನಿಂತುಹೋಗುವುದು. ಇಲ್ಲಿಯೇ ಭಕ್ತರ ಕಾರ್ಯವಿರುವುದು. ನೆರೆಯ ಕಾಲೇಜುಗಳು ವಾರದಲ್ಲಿ ಒಂದು ದಿನ ತಮ್ಮ ಪ್ರಯೋಗಶಾಲೆಯನ್ನು ಪರಸ್ಪರ ತೆರೆಯಲಿ. ಉಪಕರಣಗಳ ಪಟ್ಟಿಯನ್ನೂ ಪ್ರಯೋಗದ ಕೈಪಿಡಿಯನ್ನೂ ಕನ್ನಡದಲ್ಲಿ ಸಿದ್ಧಪಡಿಸಲಿ. ದುರಸ್ತಿಗೂ ಬಡ ವಿದ್ಯಾರ್ಥಿಯ ಬಸ್ಸಿನ ಖರ್ಚಿಗೂ ನಾವು ನಿಧಿಯನ್ನು ಕೂಡಿಸೋಣ. ಬೇರೆ ಬೇರೆ ಕಾಲೇಜುಗಳ ವಿದ್ಯಾರ್ಥಿಗಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ವಿದ್ಯಾರ್ಥಿನಿಲಯಗಳಲ್ಲಿ, ಯಾರಿಗೆ ಯಾವ ಪ್ರಯೋಗವು ದೊರೆಯಲಿಲ್ಲವೆಂಬುದು ಒಂದು ಸಂಜೆಯಲ್ಲಿ ತಿಳಿದುಬರುವುದು. ಅದನ್ನು ಕೇಳಿ ಬರೆದುಕೊಂಡು ಅಧ್ಯಾಪಕರಿಗೆ ಒಪ್ಪಿಸುವುದರಿಂದಲೇ ಈ ಕಾರ್ಯವನ್ನು ಆರಂಭಿಸಬಹುದೆಂದು ಬಿನ್ನವಿಸಿ, ನನ್ನ ಮಾತನ್ನು ಮುಗಿಸುವೆನು.